ಗಂಟು ಕಟ್ಟಿ ಕಳಿಸುವವರು

ರಾಯಚೂರು ಜಿಲ್ಲೆಯ ಸಿರವಾರಕ್ಕೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಹೊಚ್ಚ ಹೊಸವು ಕಡಿಮೆ. ಬೆಂಗಳೂರು, ಹೈದರಾಬಾದಿನ ಆಫೀಸುಗಳಲ್ಲಿ ನಾಲ್ಕಾರು ವರ್ಷ ದುಡಿದವು ಅಲ್ಲಿಂದ ಲಾಟುಗಟ್ಟಲೆ ಮಾರಾಟವಾಗುತ್ತವೆ. ರಾಯಚೂರಿನ ಯಾವುದೋ ಅಂಗಡಿಯಲ್ಲಿ ಮೈ ಒರೆಸಿಕೊಂಡು, ಬ್ಯಾಟರಿ ಬದಲಿಸಿಕೊಂಡು, ಲಿಂಗಸುಗೂರು ಬಸ್ಸು ಹತ್ತಿ ಇಲ್ಲಿಗೆ ಬರುತ್ತವೆ. ಕವಿತಾಳದಿಂದ ಓದಲು ಬರುವ ಹುಡುಗಿಗೆ ಪ್ರಾಜೆಕ್ಟ್ ಬರೆಯಲು ಅದೇ ಯಂತ್ರ, ಝೆರಾಕ್ಸ್ ಅಂಗಡಿಯವನಿಗೆ ಪಹಣಿ ತೆಗೆಯಲು, ಬೆಳೆ ವಿಮೆ ಅರ್ಜಿ ತುಂಬಲು ಅದೇ ಯಂತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ಈ ಹಳೆಯ ಪ್ರಾಸೆಸರ್‌ಗಳಲ್ಲಿ ಹೆಚ್ಚಿನವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪರದೆ ಬೆಳಗುತ್ತಿದೆ, ಕೀಲಿಗಳು ಗಟ್ಟಿಯಾಗಿವೆ, ಇನ್ನೂ ಐದು ವರ್ಷ ದುಡಿಯುವ ಯಂತ್ರ. ಅದನ್ನು ಗುಜರಿಗೆ ಹಾಕುವುದೆಂದರೆ ನನ್ನಂಥವನಿಗೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕೇಳಿದವರಿಗೆಲ್ಲ ಲಿನಕ್ಸ್ ಹಾಕಿಕೊಡುವುದು ನನ್ನ ರೂಢಿ.

ಹಾಕುವುದು ಈಗ ಕಷ್ಟದ ಕೆಲಸವಲ್ಲ. ಪೆನ್‌ಡ್ರೈವ್ ಚುಚ್ಚಿ, ಭಾಷೆಯ ಪಟ್ಟಿಯಲ್ಲಿ ಕನ್ನಡ ಆರಿಸಿ, ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಧ್ವನಿ ಬರುತ್ತದೆ, ಮೌಸ್ ಓಡುತ್ತದೆ. ಆಮೇಲೆ ಹಿಂದಿನಿಂದ ಒಂದು ದನಿ: "ಸರ, ಎಲ್ಲಾ ಬಂತ್ರಿ, ವೈಫೈ ಒಂದು ಬರವಲ್ದು." ಈ ಮಾತು ಕೇಳಿದಾಗ ನಾನು ನೋಡುವುದು ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಟ್ಟ ದಾಖಲೆಯನ್ನು. ಅಲ್ಲಿ ಒಂದು ಸಾಲು ಇರುತ್ತದೆ: ಇಂಥ ಹೆಸರಿನ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಕೊನೆಗೆ ಮೈನಸ್ ಎರಡು. ಕರ್ನಲ್‌ನ ಲೆಕ್ಕದಲ್ಲಿ ಮೈನಸ್ ಎರಡು ಎಂದರೆ ಕಡತ ಸಿಗಲಿಲ್ಲ. ಚಿಪ್ ಕೆಟ್ಟಿಲ್ಲ, ಡ್ರೈವರ್ ಇದೆ, ಲ್ಯಾಪ್‌ಟಾಪ್ ಮಾರಿದವನು ಮೋಸ ಮಾಡಿಲ್ಲ. ಒಂದು ಕಡತ ಇರಬೇಕಾದ ಜಾಗದಲ್ಲಿ ಇಲ್ಲ, ಅಷ್ಟೇ.

ಈ ಕಡತದ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ವೈಫೈ ಚಿಪ್ಪಿನೊಳಗೆ ಅದರದೇ ಒಂದು ಪುಟ್ಟ ಪ್ರಾಸೆಸರ್, ಅದರದೇ ಸ್ವಲ್ಪ ಮೆಮೊರಿ ಇರುತ್ತದೆ. ಆ ಪ್ರಾಸೆಸರ್ ನಡೆಸುವ ಪ್ರೋಗ್ರಾಮೇ ಫರ್ಮ್‌ವೇರ್. ಅದನ್ನು ಚಿಪ್ಪಿನಲ್ಲೇ ಕಾಯಂ ಆಗಿ ಇಡಬೇಕಾದರೆ ಬೇರೆ ಮೆಮೊರಿ ಬೇಕು, ಅದಕ್ಕೆ ದುಡ್ಡು ಬೇಕು. ಲಕ್ಷಗಟ್ಟಲೆ ತಯಾರಿಸುವವನಿಗೆ ಒಂದೊಂದು ಪೈಸೆಯೂ ಲೆಕ್ಕ. ಆದ್ದರಿಂದ ಚಿಪ್ ಖಾಲಿ ತಲೆಯಲ್ಲಿ ಏಳುತ್ತದೆ, ಪ್ರತಿ ಸಲ ಕಂಪ್ಯೂಟರ್ ಚಾಲೂ ಮಾಡಿದಾಗಲೂ ಡ್ರೈವರ್ ಈ ಪ್ರೋಗ್ರಾಮನ್ನು ಅದರೊಳಗೆ ಇಳಿಸಬೇಕು. ಹೀಗೆ ಮಾಡುವುದರಲ್ಲಿ ಒಳ್ಳೆಯದೂ ಇದೆ. ತಪ್ಪು ಸಿಕ್ಕರೆ ಹೊಸ ಕಡತ ಕೊಟ್ಟರೆ ಸಾಕು, ಚಿಪ್ ಬದಲಿಸಬೇಕಿಲ್ಲ. ಲಿನಕ್ಸ್‌ನಲ್ಲಿ ಡ್ರೈವರ್ ಹೆಸರು ಹಿಡಿದು ಕಡತ ಕೇಳುತ್ತದೆ, ಕರ್ನಲ್ ಅದನ್ನು ಫರ್ಮ್‌ವೇರ್‌ಗೆಂದೇ ಇಟ್ಟ ಫೋಲ್ಡರಿನಲ್ಲಿ ಹುಡುಕುತ್ತದೆ. ಕೆಲವು ಹತ್ತಾರು ಕಿಲೋಬೈಟಿನವು, ಕೆಲವು ಒಂದೆರಡು ಮೆಗಾಬೈಟಿನವು. ಫೋನಿನಲ್ಲಿ ತೆಗೆದ ಒಂದು ಫೋಟೊಕ್ಕಿಂತ ಚಿಕ್ಕವು.

ತೊಡಕು ಇರುವುದು ಇಲ್ಲಿ. ವೈಫೈ ನಡೆಯಲು ಬೇಕಾದ ಕಡತ ಇಂಟರ್ನೆಟ್‌ನಲ್ಲಿದೆ, ಇಂಟರ್ನೆಟ್ ಮುಟ್ಟಬೇಕಾದರೆ ವೈಫೈ ನಡೆಯಬೇಕು. ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಇದು ತೊಡಕೇ ಅಲ್ಲ. ಗೋಡೆಯಲ್ಲಿ ತಂತಿಯ ಜಾಗ ಇರುತ್ತದೆ, ಕೇಬಲ್ ಚುಚ್ಚಿದರೆ ಆಯಿತು. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಇಂಟರ್ನೆಟ್ ಎಂದರೆ ಕೈಯಲ್ಲಿರುವ ಫೋನು. ಅದರಿಂದಲೇ ಒಂದು ದಾರಿ ಇದೆ: ಫೋನನ್ನು ಡೇಟಾ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಕರ್ನಲ್ ಅದನ್ನು ತಂತಿಯ ನೆಟ್‌ವರ್ಕ್ ಕಾರ್ಡ್ ಎಂದೇ ತಿಳಿಯುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್ ಜೊತೆಗೇ ಇರುತ್ತದೆ, ಹೊರಗಿನ ಫರ್ಮ್‌ವೇರ್ ಏನೂ ಬೇಡ. ಈ ಒಂದು ಉಪಾಯ ತಿಳಿಯದೆ ಎಷ್ಟು ಜನ ಲಿನಕ್ಸ್ ತೆಗೆದುಹಾಕಿ ಮತ್ತೆ ಹಳೆಯ ವಿಂಡೋಸ್ ನಕಲಿಗೆ ಹೋಗಿದ್ದಾರೋ.

ಪ್ರಿಂಟರಿನದು ಇನ್ನೊಂದು ಪಾಠ. ಝೆರಾಕ್ಸ್ ಅಂಗಡಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಸಣ್ಣ ಲೇಸರ್ ಪ್ರಿಂಟರುಗಳಲ್ಲಿ ಕೆಲವು ಇದೇ ಜಾತಿಯವು. ಕರೆಂಟು ಹೋದರೆ ಕಲಿತದ್ದೆಲ್ಲ ಮರೆತುಬಿಡುತ್ತವೆ. ರಾಯಚೂರು ಜಿಲ್ಲೆಗೆ ಶಕ್ತಿನಗರದ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಇದೆ, ಯರಮರಸಿನಲ್ಲಿ ಇನ್ನೊಂದಿದೆ. ಆದರೂ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಸಿರವಾರದ ಅಂಗಡಿಗಳಲ್ಲಿ ಫ್ಯಾನ್ ನಿಲ್ಲುವುದು ತಪ್ಪಿಲ್ಲ. ಕರೆಂಟು ಬಂದ ಮೇಲೆ ಪ್ರಿಂಟರಿನ ಹಸಿರು ದೀಪ ಹತ್ತುತ್ತದೆ, ಕಾಗದ ಮಾತ್ರ ಹೊರಬರುವುದಿಲ್ಲ. ಹೊರಗೆ ಸರತಿಯಲ್ಲಿ ನಿಂತವರು ಬೆವರು ಒರೆಸಿಕೊಳ್ಳುತ್ತಾರೆ. ಅಂಗಡಿಯ ಹುಡುಗ ಪ್ರಿಂಟರ್ ಹಳೇದಾಯಿತು ಎಂದು ಹೊಸದಕ್ಕೆ ದುಡ್ಡು ಕೂಡಿಸಲು ಹೊರಟಿದ್ದ. "ತಮ್ಮಾ, ಇದು ಕೆಟ್ಟಿಲ್ಲ. ಇದಕ್ಕೆ ದಿನಾ ಎದ್ದಕೂಡಲೇ ಒಂದು ಕಡತ ಉಣಿಸಬೇಕು" ಎಂದೆ. ಪ್ರಿಂಟರ್ ಎದ್ದ ಸುದ್ದಿ ಬಂದ ತಕ್ಷಣ ಫರ್ಮ್‌ವೇರ್ ತಾನೇ ಹೋಗುವಂತೆ ಒಂದು ನಿಯಮ ಬರೆದಿಡಬಹುದು. ಚೆನ್ನಾಗಿ ಕಟ್ಟಿದ ಪ್ಯಾಕೇಜಿನಲ್ಲಿ, ಅಂದರೆ ತಂತ್ರಾಂಶವನ್ನು ಬೇಕಾದ ಕಡತಗಳ ಸಮೇತ ಕಟ್ಟಿದ ಗಂಟಿನಲ್ಲಿ, ಆ ನಿಯಮ ಮೊದಲೇ ಇರುತ್ತದೆ. ಆಮೇಲೆ ಕರೆಂಟು ಎಷ್ಟು ಸಲ ಹೋದರೂ ಅವನಿಗೆ ಗೊತ್ತೇ ಆಗುವುದಿಲ್ಲ. ದೂರದಲ್ಲಿ ಯಾರೋ ಒಬ್ಬರು ಇಂಥ ಪ್ರಿಂಟರ್ ಇಟ್ಟುಕೊಂಡು, ತಂತಿ ಕಿತ್ತು ಮತ್ತೆ ಚುಚ್ಚಿ ಪರೀಕ್ಷಿಸಿ ಆ ಎರಡು ಸಾಲು ಸೇರಿಸಿದ್ದಾರೆ. ಅವರಿಗೆ ಸಿರವಾರ ಎಲ್ಲಿದೆ ಎಂದು ತಿಳಿದಿರಲಿಕ್ಕಿಲ್ಲ.

ಸ್ವತಂತ್ರ ತಂತ್ರಾಂಶದ ಚಳವಳಿ ಹುಟ್ಟಿದ್ದೂ ಒಂದು ಪ್ರಿಂಟರಿನಿಂದ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಕಾಗದ ಸಿಕ್ಕಿಕೊಂಡರೆ ಬೇರೆ ಮಹಡಿಯಲ್ಲಿ ಕೂತವರಿಗೆ ತಿಳಿಯುತ್ತಿರಲಿಲ್ಲ. ಹಳೆಯ ಪ್ರಿಂಟರಿಗೆ ಇದನ್ನು ತಿಳಿಸುವ ಪ್ರೋಗ್ರಾಮು ಬರೆದಿದ್ದ ರಿಚರ್ಡ್ ಸ್ಟಾಲ್‌ಮನ್ ಹೊಸದಕ್ಕೂ ಬರೆಯಲು ಹೊರಟರೆ ಮೂಲ ಕೋಡ್ ಸಿಗಲಿಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದವರು, ಯಾರಿಗೂ ಕೊಡುವುದಿಲ್ಲ ಎಂದು ಬರೆದುಕೊಟ್ಟಿದ್ದೇವೆ ಎಂದರು. ಆ ಸಿಟ್ಟು ಸ್ಟಾಲ್‌ಮನ್ ಮನಸ್ಸಿನಲ್ಲಿ ಉಳಿದು, 1983ರಲ್ಲಿ ಗ್ನೂ ಯೋಜನೆಯಾಗಿ ಹೊರಬಂತು. ನಾಲ್ಕು ದಶಕ ಕಳೆದರೂ ಪ್ರಿಂಟರಿನೊಳಗಿನ, ವೈಫೈ ಚಿಪ್ಪಿನೊಳಗಿನ ಪ್ರೋಗ್ರಾಮು ಬಹುಪಾಲು ಮುಚ್ಚಿದ ಪೆಟ್ಟಿಗೆಯೇ. ಕರ್ನಲ್ ತೆರೆಯಿತು, ಡ್ರೈವರ್ ತೆರೆಯಿತು, ಒಳಗಿನ ಕೊನೆಯ ಕೋಣೆ ಇನ್ನೂ ತೆರೆದಿಲ್ಲ.

ಕರ್ನಾಟಕದಲ್ಲಿ ಒಮ್ಮೆ ಬೇರೆ ದಾರಿ ಹಿಡಿದವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಅವರ ಜೊತೆಯವರು ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್ ಅಂಗೈ ಅಗಲದ ಯಂತ್ರ. ನಡೆಯುತ್ತಿದ್ದದ್ದು ಲಿನಕ್ಸ್ ಮೇಲೆ. ತಂತ್ರಾಂಶ ಮಾತ್ರವಲ್ಲ, ಯಂತ್ರದ ವಿನ್ಯಾಸವನ್ನೂ ಸಾರ್ವಜನಿಕ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದರು. 2004ರಲ್ಲಿ ಅದರ ಒಂದು ಮಾದರಿ ಮಾರುಕಟ್ಟೆಗೂ ಬಂತು, ನಿಲ್ಲಲಿಲ್ಲ. ಅದು ನಿಲ್ಲದೇ ಹೋದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ನಿಂತಿದ್ದರೆ ಯಂತ್ರ ಮಾಡುವವನೂ ಪ್ರೋಗ್ರಾಮು ಬರೆಯುವವನೂ ಒಂದೇ ಊರಿನಲ್ಲಿ ಇರುತ್ತಿದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಚ್ಚಿದ ಫರ್ಮ್‌ವೇರನ್ನು ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ ಜೊತೆ ಕೊಡಬೇಕೋ ಬೇಡವೋ? 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಲಿನಕ್ಸ್ ಕಟ್ಟಿ ಹಂಚುವ ಡೆಬಿಯನ್ ಬಳಗ ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ಜಗಳವಾಡಿತು. ಮೊದಲು ಫರ್ಮ್‌ವೇರ್ ಎಂಬುದು ಕರ್ನಲ್ ಕೋಡಿನ ನಡುವೆಯೇ ಅಂಕಿಗಳ ಉದ್ದ ಸಾಲಾಗಿ ಅಡಗಿರುತ್ತಿತ್ತು. ಆ ಅಂಕಿಗಳ ಮೂಲ ಯಾರ ಬಳಿಯೂ ಇಲ್ಲ, ಮೇಲೆ ಮಾತ್ರ ಮುಕ್ತ ಪರವಾನಗಿಯ ಚೀಟಿ. ಇದು ಸರಿಯಲ್ಲ ಎಂದು ಹಟ ಹಿಡಿದವರು ಒಂದೊಂದೇ ಹೆಕ್ಕಿ ತೆಗೆದರು. 2011ರ ಫೆಬ್ರುವರಿಯಲ್ಲಿ ಬಂದ ಡೆಬಿಯನ್ 6ರ ಕರ್ನಲ್ ಪೂರ್ತಿ ಸ್ವಚ್ಛವಾಗಿತ್ತು. ತತ್ವ ಗೆದ್ದಿತು, ವೈಫೈ ನಿಂತಿತು. ಫರ್ಮ್‌ವೇರ್ ಸೇರಿಸಿದ ಬೇರೊಂದು ಡಿಸ್ಕ್ ಇತ್ತು, ಅನಧಿಕೃತ ಎಂಬ ಹೆಸರಿನಲ್ಲಿ, ಹುಡುಕಿದರೂ ಸಿಗದ ಮೂಲೆಯಲ್ಲಿ. ಗೊತ್ತಿದ್ದವರು ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಗೊತ್ತಿಲ್ಲದವರು ಅಧಿಕೃತವಾದದ್ದು ಇಳಿಸಿಕೊಂಡು ಸೋತು ಕೂರುತ್ತಿದ್ದರು.

ಈ ಸೋಲು ಯಾರ ಪಾಲಿಗೆ ಬಂತು ಎಂಬುದನ್ನು ನೋಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ವಿಷಯ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಮುನಿರಾಬಾದಿನಲ್ಲಿ ನೀರು ಬಿಟ್ಟರು ಎಂದು ಪೇಪರಿನಲ್ಲಿ ಬರುತ್ತದೆ, ಮೇಲಿನ ಭಾಗದಲ್ಲಿ ಭತ್ತದ ಸಸಿ ನೆಡುತ್ತಾರೆ, ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದ ರೈತ ಒಣಗಿದ ಉಪಕಾಲುವೆಯ ಮುಂದೆ ನಿಂತಿರುತ್ತಾನೆ. ತಂತ್ರಾಂಶದಲ್ಲೂ ಮೇಲಿನ ಭಾಗ, ಕೊನೆಯ ಭಾಗ ಇದೆ. ಬರೆದವರ ಅಂಗಳದಲ್ಲಿ ಅದು ಯಾವತ್ತೂ ನಡೆಯುತ್ತದೆ. ಕೊನೆಯ ಭಾಗಕ್ಕೆ ಮುಟ್ಟಿಸುವವನು ಪ್ಯಾಕೇಜ್ ಕಟ್ಟುವವನು.

2022ರ ಏಪ್ರಿಲ್‌ನಲ್ಲಿ ಡೆಬಿಯನ್‌ನ ಡಿಸ್ಕ್ ತಯಾರಿಸುವ ತಂಡದ ಸ್ಟೀವ್ ಮ್ಯಾಕಿಂಟೈರ್ ಈ ಮಾತನ್ನು ಮತ್ತೆ ಎತ್ತಿದರು: ನಾವು ಅಧಿಕೃತ ಎಂದು ಕೊಡುತ್ತಿರುವುದು ಬಹಳ ಜನರ ಯಂತ್ರದಲ್ಲಿ ನಡೆಯುತ್ತಿಲ್ಲ, ನಡೆಯುವುದನ್ನು ನಾವು ಬಚ್ಚಿಡುತ್ತಿದ್ದೇವೆ. ಸೆಪ್ಟೆಂಬರ್‌ನಲ್ಲಿ ಬಳಗದ ಡೆವಲಪರುಗಳು ಮತ ಹಾಕಿದರು. ಡೆಬಿಯನ್ ಸ್ವತಂತ್ರ ತಂತ್ರಾಂಶ ಸಮುದಾಯಕ್ಕೆ 1997ರಲ್ಲಿ ಬರೆದುಕೊಟ್ಟ ಸಾಮಾಜಿಕ ಒಪ್ಪಂದವನ್ನೇ ತಿದ್ದುವ ಪ್ರಶ್ನೆಯಾದ್ದರಿಂದ ಬರೀ ಬಹುಮತ ಸಾಲದು, ವಿರೋಧದ ಮೂರು ಪಟ್ಟು ಬೆಂಬಲ ಬೇಕಿತ್ತು. ಸಿಕ್ಕಿತು. ಯಂತ್ರ ನಡೆಯಲು ಅಗತ್ಯವಿದ್ದರೆ ಅಧಿಕೃತ ಡಿಸ್ಕಿನಲ್ಲಿ ಇಂಥ ಫರ್ಮ್‌ವೇರ್ ಇರಬಹುದು ಎಂಬ ಸಾಲು ಒಪ್ಪಂದದೊಳಗೆ ಸೇರಿತು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಿಂದ ಒಂದೇ ಡಿಸ್ಕ್. ಅದು ಯಂತ್ರವನ್ನು ನೋಡಿ ಬೇಕಾದ ಫರ್ಮ್‌ವೇರ್ ಮಾತ್ರ ಆರಿಸಿ ಹಾಕುತ್ತದೆ, ಏನು ಹಾಕಿದೆ ಎಂದು ಹೇಳುತ್ತದೆ, ಬೇಡ ಎನ್ನುವವರಿಗೆ ಬೇಡ ಎನ್ನುವ ದಾರಿಯನ್ನೂ ಬಿಟ್ಟಿದೆ. ಈ ಕಡತಗಳಿಗೆ ಭಂಡಾರದಲ್ಲಿ ಪ್ರತ್ಯೇಕ ವಿಭಾಗವನ್ನೇ ಮಾಡಿದ್ದಾರೆ.

ನಾನು ಆ ಮತದಾನದ ಪರವಾಗಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ಭಾಗದವನಿಗೆ ತತ್ವ ಕೊಟ್ಟು ಕಡತ ಕೊಡದಿದ್ದರೆ ಅವನು ನಕಲಿ ವಿಂಡೋಸಿಗೇ ಹೋಗುತ್ತಾನೆ, ಅಲ್ಲಿ ಅವನಿಗೆ ತತ್ವವೂ ಇಲ್ಲ. ಆದರೆ 2011ರಲ್ಲಿ ಹಟ ಹಿಡಿದು ಹೆಕ್ಕಿದವರನ್ನು ಮೂದಲಿಸುವವರ ಜೊತೆ ನಾನಿಲ್ಲ. ಅವರು ಒಂದೊಂದನ್ನೂ ಬೇರೆ ಮಾಡಿ, ಇದು ಇಂಥವರದು, ಇದರ ಮೂಲ ಸಿಕ್ಕಿಲ್ಲ ಎಂದು ಬರೆದಿಟ್ಟದ್ದರಿಂದಲೇ ಇವತ್ತು ಹೆಸರು ಹಚ್ಚಿ ಕೊಡಲು ಸಾಧ್ಯವಾಗಿದೆ. ಎಲ್ಲವನ್ನೂ ಕಲಸಿ ಕೊಟ್ಟಿದ್ದರೆ ಯಾವುದು ಮುಕ್ತ, ಯಾವುದು ಮುಚ್ಚಿದ್ದು ಎಂದು ಯಾರಿಗೆ ತಿಳಿಯುತ್ತಿತ್ತು?

ಹೆಸರು ಹಚ್ಚುವ ಮಾತು ಬಂದಾಗ ಮಸ್ಕಿ ನೆನಪಾಗದೆ ಇರದು. ಅದೂ ನಮ್ಮ ಜಿಲ್ಲೆಯದೇ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದರು. ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ರಾಜ ಸಿಗುತ್ತಿದ್ದ. ಅವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಊಹಿಸಿದ್ದರು, ಆದರೆ ಬಂಡೆಯ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ ದೇವಾನಾಂಪ್ರಿಯ ಮತ್ತು ಅಶೋಕ ಎರಡೂ ಒಟ್ಟಿಗೆ ಇದ್ದವು. ಒಂದು ಹೆಸರು ಜೊತೆಗಿದ್ದದ್ದರಿಂದ ಉಪಖಂಡದ ಉದ್ದಗಲದ ಅಷ್ಟೂ ಶಾಸನಗಳ ಒಡೆತನ ನಿಶ್ಚಯವಾಯಿತು. ಹಾಗೆಯೇ ಕರ್ನಲ್‌ಗೆ ಬದಲಾವಣೆ ಕಳಿಸುವ ಪ್ರತಿಯೊಬ್ಬರೂ 2004ರಿಂದ ಈಚೆಗೆ ಕೆಳಗೆ ತಮ್ಮ ಹೆಸರು ಬರೆದು ಸಹಿ ಹಾಕುತ್ತಾರೆ. ಆ ದಾಖಲೆ ತೆರೆದರೆ ಬೆಂಗಳೂರಿನಲ್ಲಿ ಕೂತು ದುಡಿಯುವವರ ಹೆಸರುಗಳೂ ಸಿಗುತ್ತವೆ. ಫರ್ಮ್‌ವೇರ್ ಭಂಡಾರದಲ್ಲೂ ಒಂದು ಪಟ್ಟಿ ಇದೆ: ಈ ಕಡತ ಯಾವ ಡ್ರೈವರಿಗೆ, ಎಲ್ಲಿಂದ ಬಂದದ್ದು, ಯಾವ ಪರವಾನಗಿ. ಡೆಬಿಯನ್‌ನ ಪ್ರತಿ ಪ್ಯಾಕೇಜಿನಲ್ಲೂ ಹಕ್ಕುಗಳ ಒಂದು ಕಡತ ಕಡ್ಡಾಯ. ಪ್ಯಾಕೇಜ್ ಕಟ್ಟುವವರ ಸಾಕಷ್ಟು ಹೊತ್ತು ಇದರಲ್ಲೇ ಹೋಗುತ್ತದೆ, ಹೆಸರುಗಳನ್ನು ಓದುವುದರಲ್ಲಿ. ಬೇಸರದ ಕೆಲಸ ಎಂದು ಹೇಳುವವರು ಮಸ್ಕಿಗೆ ಒಮ್ಮೆ ಹೋಗಿಬರಲಿ.

ಕರ್ನಲ್ ಮಾಡ್ಯೂಲುಗಳದು ಬೇರೆ ಬಗೆಯ ಕಷ್ಟ. ಮಾಡ್ಯೂಲ್ ಎಂದರೆ ಬೇಕಾದಾಗ ಕರ್ನಲ್‌ಗೆ ಸೇರಿಸಿ ಬೇಡವಾದಾಗ ತೆಗೆಯಬಹುದಾದ ತುಂಡು. ಹೆಚ್ಚಿನ ಡ್ರೈವರುಗಳು ಹೀಗೇ ಇರುತ್ತವೆ. ಆದರೆ ಲಿನಕ್ಸ್ ಕರ್ನಲ್ ತನ್ನ ಒಳಗಿನ ಜೋಡಣೆಯನ್ನು ಸ್ಥಿರವಾಗಿ ಇಡುತ್ತೇನೆ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಕೊಡುವುದಿಲ್ಲ ಎಂದು ಕರ್ನಲ್ ಬಳಗದ ಗ್ರೆಗ್ ಕ್ರೋ-ಹಾರ್ಟ್‌ಮನ್ ಕರ್ನಲ್ ಜೊತೆಗೇ ಒಂದು ಬರಹವನ್ನೂ ಇಟ್ಟಿದ್ದಾರೆ: ಒಳಗೆ ಬನ್ನಿ, ನಿಮ್ಮ ಡ್ರೈವರನ್ನು ನಾವೇ ನೋಡಿಕೊಳ್ಳುತ್ತೇವೆ, ಹೊರಗೆ ಉಳಿದರೆ ಪ್ರತಿ ಸಲ ನೀವೇ ಹೊಂದಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ನ್ಯಾಯವಾದ ಮಾತೇ. ಆದರೂ ಹೊರಗೆ ಉಳಿದ ಡ್ರೈವರುಗಳು ಬಹಳ, ಅವುಗಳಲ್ಲಿ ಅಗ್ಗದ ವೈಫೈ ಡಾಂಗಲ್‌ಗಳವೂ ಇವೆ. ಪ್ರತಿ ಮಾಡ್ಯೂಲಿನ ಮೇಲೆ ಯಾವ ಕರ್ನಲ್‌ಗೆ ಕಟ್ಟಿದ್ದು ಎಂಬ ಗುರುತು ಇರುತ್ತದೆ. ಅಪ್‌ಡೇಟ್ ಬಂದು ಕರ್ನಲ್ ಬದಲಾಯಿತೋ, ಗುರುತು ಹೊಂದದ ಮಾಡ್ಯೂಲನ್ನು ಅದು ಬಾಗಿಲಲ್ಲೇ ತಡೆಯುತ್ತದೆ.

ಇದಕ್ಕೆ ಡೆಲ್ ಕಂಪನಿಯಲ್ಲಿ 2003ರ ಹೊತ್ತಿಗೆ ಹುಟ್ಟಿದ ಪರಿಹಾರ ಡಿಕೆಎಂಎಸ್. ಮಾಡ್ಯೂಲಿನ ಮೂಲ ಕೋಡನ್ನೇ ಪ್ಯಾಕೇಜಿನಲ್ಲಿ ಕಳಿಸಿ, ಹೊಸ ಕರ್ನಲ್ ಬಂದಾಗಲೆಲ್ಲ ನಮ್ಮ ಯಂತ್ರದಲ್ಲೇ ಮತ್ತೆ ಕಟ್ಟಿಸುವುದು. ಕೇಳಲು ಚೆನ್ನ, ನಾಲ್ಕು ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಗೊರಗುಟ್ಟುತ್ತ ನಿಧಾನವಾಗಿ ಕಟ್ಟುತ್ತದೆ. ಕೆಲವೊಮ್ಮೆ ಕಟ್ಟುವುದೇ ಇಲ್ಲ. 2024ರ ಫೆಬ್ರುವರಿಯಲ್ಲಿ ಡೆಬಿಯನ್ 12.5 ಬಂದಾಗ ಜಗತ್ತಿನಾದ್ಯಂತ ಎನ್‌ವಿಡಿಯಾ ಕಾರ್ಡಿನ ಮುಚ್ಚಿದ ಮಾಡ್ಯೂಲ್ ಬಳಸುತ್ತಿದ್ದ ಹಲವರ ಪರದೆ ಹೀಗೇ ತೊಂದರೆಗೆ ಸಿಕ್ಕಿತು. ಕರ್ನಲ್‌ನಲ್ಲಿ ಒಂದು ಸಣ್ಣ ತಿದ್ದುಪಡಿಯಾಗಿತ್ತು. ಅದರಿಂದಾಗಿ ಆ ಮುಚ್ಚಿದ ಮಾಡ್ಯೂಲ್ ತನಗೇ ತಿಳಿಯದಂತೆ, ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಕೋಡಿಗೆ ಮಾತ್ರ ಮೀಸಲಾದ ಒಂದು ಸೌಲಭ್ಯವನ್ನು ಬಳಸುವ ಸ್ಥಿತಿ ಬಂತು, ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತು. ಇದಕ್ಕೂ ಎರಡು ತಿಂಗಳ ಮೊದಲು, 2023ರ ಡಿಸೆಂಬರ್‌ನಲ್ಲಿ, ಡಿಸ್ಕಿನ ಮಾಹಿತಿ ಹಾಳುಮಾಡಬಲ್ಲ ತಪ್ಪೊಂದು ಕರ್ನಲ್‌ನಲ್ಲಿ ಕಂಡದ್ದರಿಂದ 12.3ನ್ನು ಬಿಡುಗಡೆಯ ದಿನವೇ ತಡೆದು, ಮಾರನೆಯ ದಿನ 12.4 ಕೊಟ್ಟಿದ್ದರು. ಶನಿವಾರ, ಭಾನುವಾರ ಎನ್ನದೆ ನಿದ್ದೆಗೆಟ್ಟು ತಡೆದವರು ಪ್ಯಾಕೇಜ್ ಕಟ್ಟುವವರು, ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಲಿನಕ್ಸ್‌ನ ದಾಯಾದಿಯಾದ ಫ್ರೀಬಿಎಸ್‌ಡಿಯಲ್ಲೂ ಇದೇ ಗೋಳಿತ್ತು. ಒಂದು ಆವೃತ್ತಿಗೆ ಕಟ್ಟಿದ ಮಾಡ್ಯೂಲ್ ಮುಂದಿನದಕ್ಕೆ ಹೊಂದದೆ ಪರದೆ ಕಪ್ಪಾಗುತ್ತಿತ್ತು. 2024ರ ಡಿಸೆಂಬರ್‌ನ 14.2ರಿಂದ ಅವರು ಕರ್ನಲ್ ಮಾಡ್ಯೂಲುಗಳಿಗೇ ಬೇರೆ ಭಂಡಾರ ಮಾಡಿಕೊಂಡರು.

ಮುಚ್ಚಿದ ಕೋಣೆ ತೆರೆಯುವುದೇ ಇಲ್ಲವೇ ಎಂದು ನನ್ನನ್ನು ಕೇಳಿದರೆ ಒಂದು ಸಂತೋಷದ ಸಂಗತಿ ಹೇಳುತ್ತೇನೆ. ಎಥೆರಾಸ್ ಕಂಪನಿಯ ಯುಎಸ್‌ಬಿ ವೈಫೈ ಚಿಪ್ಪುಗಳ ಒಂದು ಪಂಗಡಕ್ಕೆ 2013ರಲ್ಲಿ ಫರ್ಮ್‌ವೇರಿನ ಮೂಲ ಕೋಡ್ ಪೂರ್ತಿ ಹೊರಬಂತು. ಇವತ್ತು ಡೆಬಿಯನ್‌ನಲ್ಲಿ ಅದು ಮುಕ್ತ ವಿಭಾಗದಲ್ಲೇ ಇದೆ, ಮೂಲದಿಂದ ಕಟ್ಟಿದ್ದು. ನನ್ನ ಬಳಿ ಅಂಥ ಒಂದು ಡಾಂಗಲ್ ಇದೆ. ವೇಗ ಕಡಿಮೆ, ಹಳೆಯದು. ಆದರೂ ಯಾರ ಮನೆಗೆ ಹೋಗುವಾಗಲೂ ಜೇಬಿನಲ್ಲಿ ಅದು ಇರುತ್ತದೆ. ಒಂದು ಸಾಧ್ಯವಾದರೆ ಇನ್ನೊಂದೂ ಸಾಧ್ಯ ಎಂದು ನಾನು ನಂಬಿದ್ದೇನೆ. ಕೇಳುವವರು ಹೆಚ್ಚಾದಷ್ಟೂ ಕೊಡುವವರ ಮೇಲೆ ಒತ್ತಡ ಹೆಚ್ಚುತ್ತದೆ.

ಡೆಬಿಯನ್‌ನಂತೆಯೇ ಲಿನಕ್ಸ್ ಹಂಚುವ ಉಬುಂಟುವಿನವರು 2011ರವರೆಗೆ ಕೇಳಿದವರಿಗೆ ಸಿ.ಡಿ.ಯನ್ನು ಅಂಚೆಯಲ್ಲಿ ಬಿಟ್ಟಿ ಕಳಿಸುತ್ತಿದ್ದರು. ಆ ಕಾಲದಿಂದಲೂ ನಮ್ಮ ಕಡೆಯವರು ಪಡೆಯುವವರಾಗಿಯೇ ಇದ್ದೇವೆ. ಕೊಡುವವರಾಗಲು ದೊಡ್ಡ ಪದವಿ ಬೇಕಿಲ್ಲ. ಯಂತ್ರದಲ್ಲಿರುವ ಚಿಪ್ಪುಗಳ ಪಟ್ಟಿ ತೆಗೆಯುವ ಆದೇಶ ಕೊಟ್ಟರೆ ಪ್ರತಿ ಚಿಪ್ಪಿನ ಮುಂದೆ ತಯಾರಕರ ಸಂಖ್ಯೆ, ಚಿಪ್ಪಿನ ಸಂಖ್ಯೆ ಎಂದು ಎರಡು ಕಾಣುತ್ತವೆ. ಯಾವ ಸಂಖ್ಯೆಯ ಚಿಪ್ ಯಾವ ಕರ್ನಲ್‌ನಲ್ಲಿ ನಡೆಯಿತು, ಯಾವ ಕಡತ ಕೇಳಿ ನಿಂತಿತು ಎಂದು ಸ್ಪಷ್ಟವಾಗಿ ಬರೆದು ಕಳಿಸಿದ ಒಂದು ವರದಿ, ಆ ಯಂತ್ರವನ್ನು ಕಣ್ಣಿಂದಲೂ ನೋಡದ ಪ್ಯಾಕೇಜರಿಗೆ ದೊಡ್ಡ ಆಸರೆ. ಹೊಸ ಲ್ಯಾಪ್‌ಟಾಪ್ ಇಟ್ಟುಕೊಂಡವರೇ ಹೆಚ್ಚಿರುವ ಅವರ ಬಳಗದಲ್ಲಿ ಹತ್ತು ವರ್ಷ ಹಳೆಯ ಯಂತ್ರಗಳ ಸುದ್ದಿ ಯಾರು ಕೊಡಬೇಕು? ನಮ್ಮಲ್ಲಿ ಅವು ಬೇಕಾದಷ್ಟಿವೆ. ನೋಡುವವರಿಲ್ಲದೆ ಅನಾಥವಾದ ಪ್ಯಾಕೇಜುಗಳ ಪಟ್ಟಿಯೂ ಡೆಬಿಯನ್‌ನಲ್ಲಿ ಎಲ್ಲರಿಗೂ ತೆರೆದಿದೆ. ಒಂದನ್ನು ಕೈಗೆತ್ತಿಕೊಂಡರೆ ಅನುಭವಿಗಳು ಪರಿಶೀಲಿಸಿ ಭಂಡಾರಕ್ಕೆ ಸೇರಿಸಿಕೊಡುತ್ತಾರೆ, ಕ್ರಮೇಣ ಆ ಅಧಿಕಾರವೂ ಸಿಗುತ್ತದೆ.

ಬರುವ ಭಾನುವಾರದಿಂದ ಡಿಗ್ರಿ ಓದುವ ಕೆಲವು ಮಕ್ಕಳ ಜೊತೆ ಇದನ್ನೇ ಮಾಡಲು ಕೂರುತ್ತಿದ್ದೇನೆ. ಮೊದಲು ಊರಿನ ಲ್ಯಾಪ್‌ಟಾಪ್‌ಗಳ ಚಿಪ್ಪಿನ ಪಟ್ಟಿ, ಆಮೇಲೆ ವರದಿ ಬರೆಯುವ ರೀತಿ, ಅದರ ನಂತರ ಒಂದು ಸಣ್ಣ ಪ್ಯಾಕೇಜು. ದೇವದುರ್ಗ, ಮಾನ್ವಿ ಕಡೆಯವರೂ ಬರಬಹುದು. ಬರುವಾಗ ಲ್ಯಾಪ್‌ಟಾಪ್, ಚಾರ್ಜರ್, ಖಾಲಿ ಪೆನ್‌ಡ್ರೈವ್ ಮತ್ತು ಫೋನಿನ ಡೇಟಾ ಕೇಬಲ್ ತನ್ನಿ. ಬರೀ ಚಾರ್ಜ್ ಆಗುವ ಕೇಬಲ್ ನಡೆಯುವುದಿಲ್ಲ.